ಅದೇ ಹಾಡು, ಬೇರೆ ಕಂಠ

ಒಬ್ಬರು ಹಾಡಿ ಹೆಸರಾದ ಹಾಡನ್ನು ಇನ್ನೊಬ್ಬರು ತಮ್ಮ ರೀತಿಯಲ್ಲಿ ಹಾಡಿದರೆ ಅದು ಕವರ್ ಹಾಡು. ಶ್ರುತಿ ಬದಲಾಗಬಹುದು, ಲಯ ನಿಧಾನವಾಗಬಹುದು, ವಾದ್ಯಗಳೆಲ್ಲ ಬೇರೆಯಾಗಬಹುದು. ಆದರೂ ಮೊದಲ ಸಾಲು ಮುಗಿಯುವಷ್ಟರಲ್ಲಿ ಇದು ಅದೇ ಹಾಡೆಂದು ಗೊತ್ತಾಗಿಬಿಡುತ್ತದೆ. ಧ್ವನಿತರಂಗಗಳನ್ನು ಅಳೆದು ನೋಡಿದರೆ ಎರಡಕ್ಕೂ ಹೋಲಿಕೆಯೇ ಸಿಗದಿರಬಹುದು. ಹಾಗಾದರೆ ಉಳಿದುಕೊಂಡದ್ದು ಏನು? ಆಸ್ಟ್ರಿಯಾದ ಚಿಂತಕ ಕ್ರಿಶ್ಚಿಯನ್ ಫಾನ್ ಎರೆನ್‌ಫೆಲ್ಸ್ 1890ರಲ್ಲೇ ಇದಕ್ಕೆ ಉತ್ತರ ಕೊಟ್ಟಿದ್ದರು. ಧಾಟಿ ಇರುವುದು ಸ್ವರಸ್ವರಗಳ ನಡುವಿನ ಸಂಬಂಧದಲ್ಲಿ. ಎಲ್ಲ ಸ್ವರಗಳನ್ನೂ ಒಂದೇ ಅಳತೆಯಲ್ಲಿ ಮೇಲೆತ್ತಿದರೂ ಧಾಟಿ ಕೆಡುವುದಿಲ್ಲ. ಒಂದೇ ಕೀರ್ತನೆಯನ್ನು ಗಾಯಕರು ತಗ್ಗಿನ ಶ್ರುತಿಯಲ್ಲೂ ಗಾಯಕಿಯರು ಏರಿದ ಶ್ರುತಿಯಲ್ಲೂ ಹಾಡುವುದನ್ನು ಕೇಳಿಕೊಂಡೇ ಬೆಳೆದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ಇದು ಅರ್ಧ ಕಥೆ ಮಾತ್ರ. ನೆನಪು ಧಾಟಿಯ ಜೊತೆಗೆ ಮೂಲ ಧ್ವನಿಮುದ್ರಣದ ಮೈಬಣ್ಣವನ್ನೂ ಹಿಡಿದಿಟ್ಟುಕೊಂಡಿರುತ್ತದೆ. ಡೇನಿಯಲ್ ಲೆವಿಟಿನ್ 1994ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೆಚ್ಚಿನ ಪಾಪ್ ಹಾಡನ್ನು ನೆನಪಿನಿಂದ ಹಾಡಲು ಹೇಳಿದಾಗ ಸಂಗೀತ ಕಲಿಯದವರಲ್ಲೂ ಅನೇಕರು ಮೂಲದ ಶ್ರುತಿಗೆ ತೀರ ಹತ್ತಿರ ಬಂದರು. ಗ್ಲೆನ್ ಶೆಲೆನ್‌ಬರ್ಗ್ ಮತ್ತು ಸಂಗಡಿಗರ 1999ರ ಪ್ರಯೋಗ ಇನ್ನೂ ಬೆರಗಿನದು. ಜನಪ್ರಿಯ ಹಾಡುಗಳ ತುಣುಕನ್ನು ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಮಾತ್ರ ಕೇಳಿಸಿದರೂ ಕೇಳುಗರು ಬರಿಯ ಊಹೆಯಿಂದ ಸಿಗುವುದಕ್ಕಿಂತ ಹೆಚ್ಚಿನ ಪ್ರಮಾಣದಲ್ಲಿ ಸರಿಯಾದ ಹೆಸರನ್ನು ಆರಿಸಿದರು. ಅಷ್ಟರಲ್ಲಿ ಧಾಟಿ ಹುಟ್ಟಲು ಸಮಯವೇ ಇಲ್ಲ. ಅವರು ಗುರುತಿಸಿದ್ದು ನಾದದ ಗುಣವನ್ನು. ಅಂದರೆ ಪರಿಚಿತ ಹಾಡೊಂದು ಮನಸ್ಸಿನಲ್ಲಿ ಅಸ್ಥಿಪಂಜರವಾಗಿಯೂ ಮೈಚರ್ಮವಾಗಿಯೂ ಇರುತ್ತದೆ. ಕವರ್ ಹಾಡುವವರಿಗೆ ಜಾಗ ಸಿಗುವುದು ಇವೆರಡರ ನಡುವೆ. ಅಸ್ಥಿಪಂಜರ ಉಳಿದರೆ ಕೇಳುಗರ ನಿರೀಕ್ಷೆ ಎಚ್ಚರಗೊಳ್ಳುತ್ತದೆ, ಮೈ ಬದಲಾದರೆ ಆ ನಿರೀಕ್ಷೆಗೆ ಪೆಟ್ಟು ಬೀಳುತ್ತದೆ. ಹಾಡಿನ ಮಾತಿಗೆ ಹೊಸ ತೂಕ ತರುವಂಥ ಪೆಟ್ಟು ಕೊಟ್ಟ ಕವರ್ ಮಾತ್ರ ದೊಡ್ಡದಾಗುತ್ತದೆ ಎಂಬುದು ನನ್ನ ವಾದ.

'ಹರ್ಟ್' ಹಾಡನ್ನೇ ನೋಡಿ. ನೈನ್ ಇಂಚ್ ನೇಲ್ಸ್ ತಂಡದ ಟ್ರೆಂಟ್ ರೆಜ್ನರ್ ಇದನ್ನು 1994ರಲ್ಲಿ ಹೊರತಂದಾಗ ಅವರಿಗಿನ್ನೂ ಮೂವತ್ತು ತುಂಬಿರಲಿಲ್ಲ. ಆ ಮುದ್ರಣದಲ್ಲಿ ಗಿಟಾರ್ ಕಿವಿಗೆ ಒಗ್ಗದ ಸ್ವರಾಂತರವೊಂದನ್ನು ಬಿಡದೆ ನುಡಿಸುತ್ತದೆ, ಹಿಂದೆ ಯಂತ್ರದ ಸದ್ದು ಗುಂಯ್‌ಗುಡುತ್ತದೆ, ಕೊನೆಗೆ ಎಲ್ಲವೂ ಗದ್ದಲದಲ್ಲಿ ಒಡೆದುಹೋಗುತ್ತದೆ. 2002ರಲ್ಲಿ ಎಪ್ಪತ್ತರ ಜಾನಿ ಕ್ಯಾಶ್, ನಿರ್ಮಾಪಕ ರಿಕ್ ರೂಬಿನ್ ಜೊತೆ ಅದನ್ನೇ ಹಾಡಿದರು. ಆ ಕರ್ಕಶ ಸ್ವರಾಂತರ ಹೋಗಿ ಸಾದಾ ಮೈನರ್ ಸ್ವರಮೇಳ ಬಂತು. ಪಲ್ಲವಿಯತ್ತ ಸಾಗುವಾಗ ಪಿಯಾನೋದ ಒಂದೇ ಸ್ವರ ಮತ್ತೆ ಮತ್ತೆ ಬಡಿಯುತ್ತ ಗಟ್ಟಿಯಾಗುತ್ತದೆ. ಎಲ್ಲಕ್ಕಿಂತ ಹೆಚ್ಚಿನ ಬದಲಾವಣೆ ಆ ಕಂಠದ್ದು. ವಯಸ್ಸಾದಂತೆ ಧ್ವನಿತಂತುಗಳ ಸ್ನಾಯು ತೆಳ್ಳಗಾಗುತ್ತದೆ, ಅವು ಪೂರ್ತಿ ಮುಚ್ಚಿಕೊಳ್ಳದೆ ಉಸಿರು ಸೋರುತ್ತದೆ, ಒಂದು ಕಂಪನಕ್ಕೂ ಮುಂದಿನದಕ್ಕೂ ಅವಧಿ ಏರುಪೇರಾಗುತ್ತದೆ. ಮುಖ ಕಾಣದಿದ್ದರೂ ದನಿಯಿಂದಲೇ ವಯಸ್ಸನ್ನು ಅಂದಾಜಿಸುವಷ್ಟು ನಮ್ಮ ಕಿವಿ ಇದಕ್ಕೆ ಸೂಕ್ಷ್ಮ. ಯುವಕನ ಬಾಯಲ್ಲಿ ತನ್ನನ್ನೇ ನೋಯಿಸಿಕೊಳ್ಳುವ ಹತಾಶೆಯಾಗಿದ್ದ ಮಾತುಗಳು ಈ ಒಡಕು ದನಿಯಲ್ಲಿ ಬಾಳನ್ನು ತಿರುಗಿ ನೋಡಿದವನ ಲೆಕ್ಕಾಚಾರವಾದವು. ಕ್ಯಾಶ್ ಮರುವರ್ಷವೇ ತೀರಿಕೊಂಡರು.

ಇಲ್ಲೊಂದು ಬಲವಾದ ಆಕ್ಷೇಪವಿದೆ. ಮೂಲವನ್ನು ಕೇಳಿಯೇ ಇರದವರೂ ಕವರ್ ಹಾಡಿಗೆ ಮನಸೋಲುತ್ತಾರಲ್ಲ? ಜಿಮಿ ಹೆಂಡ್ರಿಕ್ಸ್ 1968ರಲ್ಲಿ ನುಡಿಸಿದ 'ಆಲ್ ಅಲಾಂಗ್ ದ ವಾಚ್‌ಟವರ್' ಬಾಬ್ ಡಿಲನ್ ಅವರದೆಂದು ತಿಳಿಯದೆ ಮೆಚ್ಚಿದವರು ಎಷ್ಟೋ ಜನ. ಅವರಿಗೆ ಯಾವ ನಿರೀಕ್ಷೆ ಮುರಿಯಿತು? ಮನೋವಿಜ್ಞಾನಿ ಜಮ್‌ಷೇದ್ ಭರೂಚಾ ಮಾಡಿದ ವಿಂಗಡಣೆ ಇಲ್ಲಿ ಸಹಾಯಕ್ಕೆ ಬರುತ್ತದೆ. ಈ ಹಾಡಿನಲ್ಲಿ ಮುಂದೇನು ಬರುತ್ತದೆಂಬ ನಿರೀಕ್ಷೆ ಒಂದು. ಇಂಥ ಸಂಗೀತದಲ್ಲಿ ಸಾಮಾನ್ಯವಾಗಿ ಏನು ಬರುತ್ತದೆಂಬ ನಿರೀಕ್ಷೆ ಇನ್ನೊಂದು. ಎರಡನೆಯದು ಹಾಡು ಬಾಯಿಪಾಠವಾದ ಮೇಲೂ ಕೆಲಸ ಮಾಡುತ್ತಲೇ ಇರುತ್ತದೆ. ಮೊದಲನೆಯದನ್ನಷ್ಟೇ ನಂಬಿದ ಕವರ್ ಒಂದೆರಡು ಸಲ ಕೇಳುವಷ್ಟರಲ್ಲಿ ಹಳಸುತ್ತದೆ. ದೊಡ್ಡ ಕವರ್ ಎರಡನ್ನೂ ಮೀಟುತ್ತದೆ. ಓಟಿಸ್ ರೆಡ್ಡಿಂಗ್ 1965ರಲ್ಲಿ 'ರೆಸ್ಪೆಕ್ಟ್' ಹಾಡಿದಾಗ ಅದು ದುಡಿದು ಮನೆಗೆ ಬರುವ ಗಂಡಸಿನ ಬೇಡಿಕೆಯಾಗಿತ್ತು. ಅರೀಥಾ ಫ್ರಾಂಕ್ಲಿನ್ 1967ರಲ್ಲಿ ಅದನ್ನು ಹೆಣ್ಣಿನ ಹಕ್ಕೊತ್ತಾಯವಾಗಿಸಿದರು. ಮೂಲ ಗೊತ್ತಿದ್ದವರಿಗೆ ಈ ತಿರುವೇ ಸಾಕು. ಗೊತ್ತಿಲ್ಲದವರಿಗೂ ಆ ಪದವನ್ನು ಅಕ್ಷರ ಬಿಡಿಸಿ ಕೂಗುವ ಭಾಗವಿದೆ, ಹಿಂದಿನಿಂದ ಅರೀಥಾ ಅವರ ತಂಗಿ ಮತ್ತು ಅಕ್ಕನ ಉತ್ತರಗಳಿವೆ, ನಡುವೆ ಕಿಂಗ್ ಕರ್ಟಿಸ್ ಅವರ ಸ್ಯಾಕ್ಸೊಫೋನ್ ಹಾಡಿನ ಶ್ರುತಿಯಿಂದ ದೂರದ ಸ್ವರಮೇಳಕ್ಕೆ ಹಠಾತ್ತನೆ ಜಿಗಿಯುತ್ತದೆ. ಇವು ಯಾವುವೂ ಓಟಿಸ್ ಅವರ ಮುದ್ರಣದಲ್ಲಿರಲಿಲ್ಲ.

ಮೊದಲು ಕೇಳಿದ್ದೇ ಚೆಂದ, ಉಳಿದದ್ದೆಲ್ಲ ಅಭ್ಯಾಸಬಲ ಎನ್ನುವವರೂ ಇದ್ದಾರೆ. ಮತ್ತೆ ಮತ್ತೆ ಎದುರಾದದ್ದು ಇಷ್ಟವಾಗುತ್ತದೆಂದು ರಾಬರ್ಟ್ ಜಾಯೊಂಟ್ಸ್ 1968ರಲ್ಲೇ ತೋರಿಸಿದ್ದರಿಂದ ಈ ಮಾತನ್ನು ತಳ್ಳಿಹಾಕುವಂತಿಲ್ಲ. ಆದರೆ ನಮ್ಮ ದಾಸರ ಪದಗಳು ಇದಕ್ಕೊಂದು ಮಿತಿ ಹಾಕುತ್ತವೆ. ಪುರಂದರದಾಸರು ಹಾಡಿದ ಮೂಲ ಧಾಟಿಗಳು ಬಹುಪಾಲು ಉಳಿದಿಲ್ಲ. ಇಂದು ನಾವು ಮೂಲವೆಂದು ಭಾವಿಸುವುದು ಮನೆಯಲ್ಲೋ ರೇಡಿಯೊದಲ್ಲೋ ಮೊದಲು ಕಿವಿಗೆ ಬಿದ್ದದ್ದನ್ನು. 'ಭಾಗ್ಯದ ಲಕ್ಷ್ಮೀ ಬಾರಮ್ಮ'ವನ್ನು ಕರ್ನಾಟಕ ಸಂಗೀತದ ಮಧ್ಯಮಾವತಿಯಲ್ಲಿ ಕೇಳಿ ಬೆಳೆದವರೂ ಭೀಮಸೇನ ಜೋಶಿಯವರ ಹಿಂದೂಸ್ತಾನಿ ಕಂಠದ ಕರೆಗೆ ಓಗೊಟ್ಟರು. ಅಭ್ಯಾಸವೊಂದೇ ಕಾರಣವಾಗಿದ್ದರೆ, ಆ ಕಿವಿಗಳು ಎರಡನೆಯ ದನಿಯನ್ನು ಒಳಗೆ ಬಿಟ್ಟುಕೊಳ್ಳುತ್ತಲೇ ಇರಲಿಲ್ಲ.