ಬಳ್ಳಾರಿಯ ಮಣ್ಣು, ತಿಮ್ಮಪ್ಪನ ಕಿರೀಟ

2009ರ ಜೂನ್‌ನಲ್ಲಿ ಕರ್ನಾಟಕದ ಸಚಿವರೊಬ್ಬರು ತಿರುಮಲೆಯ ವೆಂಕಟೇಶ್ವರನಿಗೆ ಕಿರೀಟ ಒಪ್ಪಿಸಿದರು. ಚಿನ್ನದ ಕಿರೀಟ, ಮೈತುಂಬ ವಜ್ರ. ಬೆಲೆ ನಲವತ್ತು ಕೋಟಿ ರೂಪಾಯಿಗೂ ಮೇಲೆ ಎಂದು ಪತ್ರಿಕೆಗಳು ಬರೆದವು. ಕೊಟ್ಟವರು ಬಳ್ಳಾರಿಯ ಗಾಲಿ ಜನಾರ್ದನ ರೆಡ್ಡಿ. ತಂದೆ ಪೊಲೀಸ್ ಕಾನ್‌ಸ್ಟೆಬಲ್. ಚಿತ್ತೂರು ಕಡೆಯಿಂದ ಬಂದು ಬಳ್ಳಾರಿಯಲ್ಲಿ ನೆಲೆಸಿದ ಕುಟುಂಬ. ಅದಕ್ಕೆ ಹತ್ತು ವರ್ಷದ ಹಿಂದೆ ಜನಾರ್ದನ ರೆಡ್ಡಿಯವರನ್ನು ಊರು ಗುರುತಿಸುತ್ತಿದ್ದದ್ದು ಉಳಿತಾಯದ ಹಣ ಕಟ್ಟಿಸಿಕೊಳ್ಳುವ ಒಂದು ಕಂಪನಿಯ ಮಾಲೀಕರೆಂದು ಮಾತ್ರ. ಆ ಹತ್ತು ವರ್ಷಗಳಲ್ಲಿ ಏನಾಯಿತು ಎಂಬುದೇ ಈ ಕಿರೀಟದ ಕಥೆ.

ಕಥೆ ಶುರುವಾಗುವುದು 1999ರ ಲೋಕಸಭಾ ಚುನಾವಣೆಯಿಂದ. ಸೋನಿಯಾ ಗಾಂಧಿ ತಮ್ಮ ಮೊದಲ ಚುನಾವಣೆಗೆ ಅಮೇಠಿಯ ಜೊತೆಗೆ ಬಳ್ಳಾರಿಯನ್ನೂ ಆರಿಸಿಕೊಂಡರು. ಅವರೆದುರು ನಿಲ್ಲಲು ಬಿಜೆಪಿ ದೆಹಲಿಯಿಂದ ಸುಷ್ಮಾ ಸ್ವರಾಜ್ ಅವರನ್ನು ಕಳಿಸಿತು. ಸುಷ್ಮಾ ಕೆಲವೇ ದಿನಗಳಲ್ಲಿ ಕನ್ನಡ ಕಲಿತು ಭಾಷಣ ಮಾಡಿದರು. ಸೋತರೂ ಊರಿನ ನಂಟು ಬಿಡಲಿಲ್ಲ. ಪ್ರತಿವರ್ಷ ಶ್ರಾವಣದಲ್ಲಿ ವರಮಹಾಲಕ್ಷ್ಮಿ ವ್ರತಕ್ಕೆಂದು ಬಳ್ಳಾರಿಗೆ ಬರತೊಡಗಿದರು. ಆ ಚುನಾವಣೆಯಲ್ಲಿ ಓಡಾಡಿದ ಹುಡುಗರೇ ರೆಡ್ಡಿ ಸಹೋದರರು ಮತ್ತು ಅವರ ಗೆಳೆಯ ಶ್ರೀರಾಮುಲು. ವರ್ಷ ವರ್ಷ ಪೂಜೆಯ ದಿನ ಸುಷ್ಮಾ ಅವರ ಅಕ್ಕಪಕ್ಕ ನಿಂತ ಅವರ ಫೋಟೊ ಪತ್ರಿಕೆಗಳಲ್ಲಿ ಬರುತ್ತಿತ್ತು. ದೊಡ್ಡ ನಾಯಕರ ಪಕ್ಕದಲ್ಲಿ, ಅದೂ ಲಕ್ಷ್ಮಿಯ ಕಲಶದ ಮುಂದೆ ನಿಂತ ಫೋಟೊ ಒಂದು ಜಿಲ್ಲಾ ಕೇಂದ್ರದಲ್ಲಿ ಎಷ್ಟು ಬಾಗಿಲು ತೆರೆಸುತ್ತದೆ ಎಂಬುದು ಸರ್ಕಾರಿ ಕಚೇರಿಯ ಒಳಹೊರಗು ಕಂಡವರಿಗೆಲ್ಲ ಗೊತ್ತು. ಮುಂದೆ ರೆಡ್ಡಿ ಸಹೋದರರ ಹೆಸರು ಕೆಟ್ಟಾಗ, ಅವರನ್ನು ಮಂತ್ರಿ ಮಾಡಿದ್ದು ತಾವಲ್ಲ ಎಂದು ಸುಷ್ಮಾ ಸ್ಪಷ್ಟವಾಗಿ ಹೇಳಿದರು. ಅಷ್ಟರಲ್ಲಿ ಆ ಬಾಗಿಲುಗಳೆಲ್ಲ ತೆರೆದಾಗಿತ್ತು.

ಅದೇ ಹೊತ್ತಿಗೆ ಚೀನಾ ಕಬ್ಬಿಣಕ್ಕಾಗಿ ಹಸಿದಿತ್ತು. 2008ರ ಬೀಜಿಂಗ್ ಒಲಿಂಪಿಕ್ಸ್ ಸಿದ್ಧತೆ, ಹೊಸ ಹೊಸ ನಗರಗಳು, ಸೇತುವೆಗಳು. ಸಂಡೂರು, ಹೊಸಪೇಟೆ, ಬಳ್ಳಾರಿಯ ಗುಡ್ಡಗಳಲ್ಲಿ ಮೊದಲು ಯಾರಿಗೂ ಬೇಡವಾಗಿದ್ದ ಪುಡಿ ಅದಿರಿಗೂ ಗಿರಾಕಿ ಬಂದ. ಒಳ್ಳೆಯ ಅದಿರು ಟನ್‌ಗೆ ಸಾವಿರಾರು ರೂಪಾಯಿಗೆ ಹೋಗುತ್ತಿದ್ದಾಗ ಸರ್ಕಾರಕ್ಕೆ ಬರುತ್ತಿದ್ದ ರಾಜಧನ ಎಷ್ಟು? 2009ರ ಆಗಸ್ಟ್‌ವರೆಗೆ ಅತಿ ಉತ್ತಮ ದರ್ಜೆಗೂ ಟನ್‌ಗೆ 27 ರೂಪಾಯಿ. ಉಳಿದದ್ದೆಲ್ಲ ಅಗೆದವನದು, ಸಾಗಿಸಿದವನದು, ಕಣ್ಣುಮುಚ್ಚಿಕೊಂಡು ಬಿಟ್ಟವನದು. ಈ ಅಂತರ ಇದ್ದುದರಿಂದಲೇ ಕಳ್ಳಗಣಿಗಾರಿಕೆ ಹುಟ್ಟಿತು, ಹಬ್ಬಿತು.

ಜನಾರ್ದನ ರೆಡ್ಡಿಯವರ ಓಬಳಾಪುರಂ ಮೈನಿಂಗ್ ಕಂಪನಿಯ ಗುತ್ತಿಗೆಗಳಿದ್ದದ್ದು ಆಂಧ್ರದ ಅನಂತಪುರ ಜಿಲ್ಲೆಯ ಡಿ. ಹೀರೇಹಾಳ್ ಮಂಡಲದಲ್ಲಿ, ಬಳ್ಳಾರಿಯ ಗಡಿಗೆ ಅಂಟಿಕೊಂಡಂತೆ. ಆಗ ಆಂಧ್ರದಲ್ಲಿ ವೈ.ಎಸ್. ರಾಜಶೇಖರ ರೆಡ್ಡಿ ಮುಖ್ಯಮಂತ್ರಿ. ಕಡಪ ಜಿಲ್ಲೆಯಲ್ಲಿ ಬ್ರಹ್ಮಣಿ ಉಕ್ಕಿನ ಕಾರ್ಖಾನೆಗೆಂದು ಅವರ ಸರ್ಕಾರ ಜನಾರ್ದನ ರೆಡ್ಡಿಯವರಿಗೆ ಸಾವಿರಾರು ಎಕರೆ ಕೊಟ್ಟಿತು. ಗಡಿಯ ಆಚೆ ಕಾಂಗ್ರೆಸ್, ಈಚೆ ಬಿಜೆಪಿ. ಎರಡೂ ಕಡೆ ಆಪ್ತರಿದ್ದರು.

ಗಡಿಯಲ್ಲಿ ಗಣಿ ಇದ್ದರೆ ಒಂದು ದೊಡ್ಡ ಅನುಕೂಲ. ಲಾರಿ ಚಾಲಕನ ಕೈಯಲ್ಲಿರುವ ಪರ್ಮಿಟ್‌ನಲ್ಲಿ ಓಬಳಾಪುರಂ ಎಂದು ಬರೆದಿರುತ್ತದೆ, ಟನ್ ಲೆಕ್ಕ ಬರೆದಿರುತ್ತದೆ, ಸೀಲು ಇರುತ್ತದೆ. ಲಾರಿಯಲ್ಲಿರುವ ಕೆಂಪು ಮಣ್ಣು ಗೆರೆಯ ಆ ಬದಿಯದೋ ಈ ಬದಿಯದೋ ಎಂದು ಚೆಕ್‌ಪೋಸ್ಟ್‌ನಲ್ಲಿ ನಿಂತು ಯಾರು ಹೇಳಬಲ್ಲರು? ಹೇಳಬೇಕಾದರೆ ಗಡಿ ಎಲ್ಲಿದೆ ಎಂದು ಗೊತ್ತಿರಬೇಕು. ಗಡಿಯ ಗುರುತುಗಳೇ ಅಳಿಸಿಹೋಗಿದ್ದವು. ಆಂಧ್ರದ ಗುತ್ತಿಗೆಯ ಪರ್ಮಿಟ್ ಇಟ್ಟುಕೊಂಡು ಕರ್ನಾಟಕದ ಮೀಸಲು ಅರಣ್ಯದ ಅದಿರನ್ನು ತೆಗೆದರು ಎಂಬ ದೂರು ಬಂದದ್ದು ಹೀಗೆ. ತುಮಟಿ, ವಿಠ್ಠಲಾಪುರದ ಕಡೆ ಗಣಿ ಹೊಂದಿದ್ದ ಟಪಾಲ್ ಗಣೇಶ್ ವರ್ಷಗಟ್ಟಲೆ ನಕ್ಷೆಗಳನ್ನು ಹಿಡಿದು ಕಚೇರಿ, ಕೋರ್ಟು ಅಲೆದರು.

ಆ ಗಡಿಯಲ್ಲಿ ಒಂದು ಗುಡಿಯೂ ಇತ್ತು, ಸುಗ್ಗಲಮ್ಮ ದೇವಿಯದು. ಇನ್ನೂರು ವರ್ಷದಷ್ಟು ಹಳೆಯದು ಎನ್ನುತ್ತಿದ್ದರು. ಸುತ್ತಲಿನ ಹಳ್ಳಿಗಳ ಜನ ನಡೆದುಕೊಳ್ಳುತ್ತಿದ್ದ ದೇವತೆ. ಗಡಿ ಎಲ್ಲಿ ಎಂದು ಹೇಳುವ ಗುರುತುಗಳಲ್ಲಿ ಆ ಗುಡಿಯೂ ಒಂದು ಎಂದು ದೂರುದಾರರು ಹೇಳುತ್ತಾರೆ. 2006ರಲ್ಲಿ ಅದು ನೆಲಸಮವಾಯಿತು. ಗಣಿಗಾಗಿ ಸ್ಫೋಟಕ ಇಟ್ಟು ಉರುಳಿಸಿದರು ಎಂಬ ಆರೋಪ ರೆಡ್ಡಿ ಬಳಗದ ಮೇಲೆ ಬಂತು. ಆ ಜಾಗದ ಗುಡ್ಡವೇ ಕರಗಿಹೋಗಿ ಅಲ್ಲಿ ಹೊಂಡ ಬಿದ್ದಿತು. ಹೊಸಪೇಟೆ ಬಳಿಯ ಜಂಬುನಾಥನ ಬೆಟ್ಟದ ದೇವಸ್ಥಾನ, ಸಂಡೂರಿನ ಪಾರ್ವತಿ-ಕುಮಾರಸ್ವಾಮಿ ದೇವಸ್ಥಾನ ಇವುಗಳ ಸುತ್ತಲೂ ಸ್ಫೋಟದ ಸದ್ದು ಕೇಳುತ್ತಿದ್ದ ಕಾಲ ಅದು. ಸಂಡೂರಿನ ಕುಮಾರಸ್ವಾಮಿ ಗುಡಿ ಸಾವಿರ ವರ್ಷಕ್ಕೂ ಹಳೆಯದು. 1930ರ ದಶಕದಲ್ಲೇ, ದೇಶದ ಬಹುಪಾಲು ದೇವಸ್ಥಾನಗಳು ಬಾಗಿಲು ಹಾಕಿಕೊಂಡಿದ್ದಾಗ, ಸಂಡೂರಿನ ಅರಸರು ಅದನ್ನು ದಲಿತರಿಗೆ ತೆರೆದಿದ್ದರು. ಗಾಂಧೀಜಿ ಅದನ್ನು ಮೆಚ್ಚಿದ್ದರು. ಭಕ್ತಿಯ ಮಾತು ಬಂದಾಗಲೆಲ್ಲ ನನಗೆ ನೆನಪಾಗುವುದು ಇಂಥ ಗುಡಿಗಳು. ಇವುಗಳಿಗೆ ಕಿರೀಟ ಬೇಕಾಗಿರಲಿಲ್ಲ. ಸುತ್ತಲಿನ ಗುಡ್ಡ ಉಳಿದಿದ್ದರೆ ಸಾಕಿತ್ತು.

2008ರ ಕರ್ನಾಟಕ ವಿಧಾನಸಭಾ ಚುನಾವಣೆಯಲ್ಲಿ ಬಿಜೆಪಿಗೆ 110 ಸೀಟು ಬಂದವು. ಬಹುಮತಕ್ಕೆ ಮೂರು ಕಡಿಮೆ. ಪಕ್ಷೇತರರನ್ನು ಕರೆತಂದು ಸರ್ಕಾರ ನಿಲ್ಲಿಸುವುದರಲ್ಲಿ ಬಳ್ಳಾರಿಯ ದುಡ್ಡಿನ ಪಾತ್ರ ಎಷ್ಟು ದೊಡ್ಡದು ಎಂಬುದು ಆಗ ಹಳ್ಳಿಯ ಕಟ್ಟೆಯ ಮೇಲೂ ಮಾತಾಗಿತ್ತು. ಜನಾರ್ದನ ರೆಡ್ಡಿ, ಅವರ ಸಹೋದರ ಕರುಣಾಕರ ರೆಡ್ಡಿ, ಶ್ರೀರಾಮುಲು ಮೂವರೂ ಮಂತ್ರಿಗಳಾದರು. ಇನ್ನೊಬ್ಬ ಸಹೋದರ ಸೋಮಶೇಖರ ರೆಡ್ಡಿ ಶಾಸಕರಾದರು. 2009ರ ಅಕ್ಟೋಬರ್-ನವೆಂಬರ್‌ನಲ್ಲಿ ಇದೇ ಬಳಗ ಶಾಸಕರನ್ನು ಹೈದರಾಬಾದ್‌ಗೆ ಕರೆದೊಯ್ದು ಕೂರಿಸಿದಾಗ ಮುಖ್ಯಮಂತ್ರಿ ಯಡಿಯೂರಪ್ಪ ಟಿವಿ ಕ್ಯಾಮೆರಾದ ಮುಂದೆ ಕಣ್ಣೀರು ಹಾಕಿದರು. ಕಿರೀಟ ತಿರುಮಲೆ ಸೇರಿ ಆಗ ಐದು ತಿಂಗಳಾಗಿತ್ತು.

ಜನಾರ್ದನ ರೆಡ್ಡಿಯವರಿಗೆ ಕೃಷ್ಣದೇವರಾಯನ ಮೇಲೆ ಇದ್ದ ಅಭಿಮಾನ ಎಲ್ಲರಿಗೂ ಗೊತ್ತು. 2010ರ ಜನವರಿಯಲ್ಲಿ ರಾಯನ ಪಟ್ಟಾಭಿಷೇಕದ ಐನೂರನೇ ವರ್ಷವನ್ನು ಅವರು ಹಂಪಿಯಲ್ಲಿ ಭಾರಿಯಾಗಿ ಮಾಡಿಸಿದರು. ಲೋಕಾಯುಕ್ತರಿಗೆ ಸಲ್ಲಿಸಿದ ಆಸ್ತಿ ಪಟ್ಟಿಯಲ್ಲಿ ಅವರೇ ತೋರಿಸಿದ್ದ ಚಿನ್ನದ ಸಿಂಹಾಸನದ ಬೆಲೆ ಎರಡು ಕೋಟಿಗೂ ಮೇಲೆ; ಚಿನ್ನದ ದೇವರ ವಿಗ್ರಹಗಳದು ಅದಕ್ಕೂ ಹೆಚ್ಚು. ತಿರುಮಲೆಗೆ ಕಿರೀಟ ಕೊಟ್ಟದ್ದೂ ರಾಯನ ಹಾದಿಯಲ್ಲೇ. ಕೃಷ್ಣದೇವರಾಯ 1513ರ ಫೆಬ್ರುವರಿಯಲ್ಲಿ ತಿಮ್ಮಪ್ಪನಿಗೆ ನವರತ್ನದ ಕಿರೀಟ ಕೊಟ್ಟ. 1514ರಲ್ಲಿ ಉದಯಗಿರಿ ಗೆದ್ದು ಬಂದು 30,000 ವರಹಗಳ ಕನಕಾಭಿಷೇಕ ಮಾಡಿಸಿದ. ದೇವಸ್ಥಾನದಲ್ಲಿ ಇಬ್ಬರು ರಾಣಿಯರ ನಡುವೆ ಕೈಮುಗಿದು ನಿಂತ ರಾಯನ ಲೋಹದ ಪ್ರತಿಮೆಯನ್ನು ಇವತ್ತಿಗೂ ನೋಡಬಹುದು.

ರಾಯನ ಸಂಪತ್ತೂ ಯುದ್ಧದ್ದೇ, ರೈತರ ಕಂದಾಯದ್ದೇ. ಅದು ಪರಿಶುದ್ಧ ಎಂದು ನಾನು ಹೇಳಲಾರೆ. ಆದರೆ ಎಲ್ಲಿ ಗೆದ್ದು ಬಂದೆ, ಎಂದು ಬಂದೆ, ಏನು ಕೊಟ್ಟೆ, ಅದರಲ್ಲಿ ಯಾವ ಹರಳು, ಎಷ್ಟು ತೂಕ ಎಂಬುದನ್ನು ಕನ್ನಡ, ತೆಲುಗು, ತಮಿಳಿನಲ್ಲಿ ಕಲ್ಲಿನ ಮೇಲೆ ಕೊರೆಸಿಟ್ಟ. ಐನೂರು ವರ್ಷದ ಮೇಲೂ ಯಾರು ಬೇಕಾದರೂ ಓದಿ ಲೆಕ್ಕ ಕೇಳಬಹುದು. 2009ರ ಕಿರೀಟದ ಹಿಂದಿನ ಲೆಕ್ಕ ತೆಗೆಯಲು ಲೋಕಾಯುಕ್ತ ಸಂಸ್ಥೆ, ಸುಪ್ರೀಂ ಕೋರ್ಟು, ಸಿಬಿಐ ಮೂರೂ ಬೇಕಾದವು.

ಲೋಕಾಯುಕ್ತ ಸಂತೋಷ್ ಹೆಗ್ಡೆ, ಅವರ ತಂಡದ ಅರಣ್ಯಾಧಿಕಾರಿ ಯು.ವಿ. ಸಿಂಗ್ ಮಾಡಿದ ಕೆಲಸ ದೊಡ್ಡದು. 2011ರ ಜುಲೈ 27ರಂದು ಸಲ್ಲಿಸಿದ ಅಂತಿಮ ವರದಿ ರಾಜ್ಯದ ಬೊಕ್ಕಸಕ್ಕಾದ ನಷ್ಟವನ್ನು 16,085 ಕೋಟಿ ರೂಪಾಯಿ ಎಂದು ಲೆಕ್ಕ ಹಾಕಿತು. ಬಳ್ಳಾರಿಯಲ್ಲಿ ನಡೆಯುತ್ತಿದ್ದ ವ್ಯವಸ್ಥೆಗೆ ವರದಿ ಬಳಸಿದ ಹೆಸರು ‘ಝೀರೋ ರಿಸ್ಕ್’. ಅಗೆದದ್ದರಲ್ಲಿ ಪಾಲು ಕೊಟ್ಟರೆ ಆಯಿತು. ಮುಂದೆ ಯಾವ ಅಧಿಕಾರಿಯೂ ಲಾರಿ ತಡೆಯುವುದಿಲ್ಲ, ಯಾವ ಕಾಗದವೂ ಕೇಳುವುದಿಲ್ಲ. 2010ರಲ್ಲಿ ಬೇಲೆಕೇರಿ ಬಂದರಿನಲ್ಲಿ ಅರಣ್ಯ ಇಲಾಖೆ ಜಪ್ತಿ ಮಾಡಿದ ಲಕ್ಷಾಂತರ ಟನ್ ಅದಿರು ಕಾವಲಿದ್ದಂತೆಯೇ ಹಡಗು ಹತ್ತಿತು. ಅದನ್ನು ಹಿಡಿದ ಅಧಿಕಾರಿ ಆರ್. ಗೋಕುಲ್ ಅವರನ್ನೇ ಅಮಾನತು ಮಾಡಲು ಹೊರಟರು. ಅದೇ ಕಾರಣಕ್ಕೆ ಹೆಗ್ಡೆಯವರು ಆ ವರ್ಷ ಜೂನ್‌ನಲ್ಲಿ ರಾಜೀನಾಮೆ ಕೊಟ್ಟದ್ದು, ಆಮೇಲೆ ಹಿಂಪಡೆದದ್ದು. ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ 2009ರಲ್ಲೇ ಹಾಕಿದ್ದ ಅರ್ಜಿಯ ಮೇಲೆ ಸುಪ್ರೀಂ ಕೋರ್ಟು 2011ರ ಜುಲೈ 29ರಂದು ಬಳ್ಳಾರಿಯ ಗಣಿಗಾರಿಕೆಯನ್ನೇ ನಿಲ್ಲಿಸಿತು. ಸೆಪ್ಟೆಂಬರ್ 5ರ ಬೆಳಿಗ್ಗೆ ಸಿಬಿಐ ಜನಾರ್ದನ ರೆಡ್ಡಿಯವರನ್ನು ಬಂಧಿಸಿತು.

ಬಂಧನದ ಬೆನ್ನಿಗೇ ಕಿರೀಟ ವಾಪಸು ಕೊಡಬೇಕು ಎಂಬ ಕೂಗು ಆಂಧ್ರದಲ್ಲಿ ಎದ್ದಿತು. ಅದು ಸಹಜವಾಗಿತ್ತು. ಆದರೆ ದೇವರ ಹೆಸರಿನಲ್ಲಿ ದುಡ್ಡಿನ ಮೂಲ ಮುಚ್ಚುವ ಅಭ್ಯಾಸ ಒಬ್ಬರದ್ದಲ್ಲ. ಕರ್ನಾಟಕದಿಂದಲೇ ರಾಜ್ಯಸಭೆಗೆ ಹೋಗಿದ್ದ ವಿಜಯ್ ಮಲ್ಯ ಶಬರಿಮಲೆಯ ಗರ್ಭಗುಡಿಗೆ ಚಿನ್ನ ಹೊದಿಸಿದವರು. 2012ರಲ್ಲಿ ಅವರ ಕಿಂಗ್‌ಫಿಷರ್ ವಿಮಾನಯಾನ ಸಂಸ್ಥೆಯ ಸಿಬ್ಬಂದಿ ತಿಂಗಳುಗಟ್ಟಲೆ ಸಂಬಳವಿಲ್ಲದೆ ಬೀದಿಗಿಳಿದಿದ್ದಾಗ ಕುಕ್ಕೆ ಸುಬ್ರಹ್ಮಣ್ಯಕ್ಕೆ ಅವರಿಂದ ಚಿನ್ನದ ಬಾಗಿಲು ಹೋಯಿತು. 2011ರ ಜೂನ್‌ನಲ್ಲಿ ಯಡಿಯೂರಪ್ಪ, ಎಚ್.ಡಿ. ಕುಮಾರಸ್ವಾಮಿ ಇಬ್ಬರೂ ಭ್ರಷ್ಟಾಚಾರದ ಜಗಳವನ್ನು ಹಿಡಿದುಕೊಂಡು ಧರ್ಮಸ್ಥಳದ ಮಂಜುನಾಥನ ಸನ್ನಿಧಿಗೆ ಹೋದರು. ಫೈಲಿನಲ್ಲಿ ಕೊಡಬೇಕಾದ ಉತ್ತರವನ್ನು ದೇವರ ಮುಂದಿನ ಮಾತಾಗಿ ಮಾಡಿದರೆ ಪ್ರಶ್ನೆ ಕೇಳುವವರ ಬಾಯಿ ಕಟ್ಟುತ್ತದೆ.

ಕನ್ನಡ ನಾಡಿಗೆ ಇದಕ್ಕೆ ತನ್ನದೇ ಉತ್ತರ ಇದೆ. ಬಸವಣ್ಣನವರ ಕಾಲದ ಕಲ್ಯಾಣದಲ್ಲಿ ಆಯ್ದಕ್ಕಿ ಮಾರಯ್ಯ ಮಹಾಮನೆಯ ಅಂಗಳದಲ್ಲಿ ಬಿದ್ದ ಅಕ್ಕಿ ಆಯ್ದು ತಂದು ದಾಸೋಹ ಮಾಡುತ್ತಿದ್ದವನು. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದ. ಹೆಂಡತಿ ಲಕ್ಕಮ್ಮ ಅದನ್ನು ಒಲೆಗೆ ಹಾಕಲಿಲ್ಲ. ಈ ಹೆಚ್ಚಿನದು ನಮ್ಮ ಕಾಯಕದ್ದಲ್ಲ, ಇದು ಆಸೆಯದು, ಎಲ್ಲಿಂದ ತಂದೆಯೋ ಅಲ್ಲೇ ಸುರಿದು ಬಾ ಎಂದು ವಾಪಸು ಕಳಿಸಿದಳು. ಅಕ್ಕಿ ಹೋಗುತ್ತಿದ್ದದ್ದು ಜಂಗಮರ ಊಟಕ್ಕೇ. ಆದರೂ ಅವಳು ಒಪ್ಪಲಿಲ್ಲ.

ಅದೇ ಲೆಕ್ಕ ನಮ್ಮ ಹಳ್ಳಿ ಮನೆಗಳಲ್ಲೂ ಇದೆ. ಮಗುವಿಗೆ ಜ್ವರ ಬಂದರೆ, ಮಳೆ ಕೈಕೊಟ್ಟರೆ, ತಾಯಿ ಅರಿಶಿನ ಹಚ್ಚಿದ ಬಟ್ಟೆಯ ಚೂರಿನಲ್ಲಿ ನಾಣ್ಯ ಕಟ್ಟಿ ತಿಮ್ಮಪ್ಪನ ಮುಡಿಪು ಎಂದು ದೇವರ ಗೂಡಿನಲ್ಲಿಡುತ್ತಾಳೆ. ಎಂಥ ಬರಗಾಲ ಬಂದರೂ ಆ ಗಂಟಿಗೆ ಕೈ ಹಾಕುವುದಿಲ್ಲ. ಅವಳು ಕಟ್ಟುವುದು ಕೂಲಿಯ ದುಡ್ಡನ್ನು. ಕೆಂಪು ದೂಳು ಬಿದ್ದು ಬೆಳೆ ಕೆಟ್ಟ ಹೊಲಗಳಿಂದಲೂ ಆ ಮುಡಿಪು ತಿರುಮಲೆಗೆ ಹೋಗಿದೆ. ಅದೇ ದೂಳು ಎಬ್ಬಿಸಿದ ದುಡ್ಡಿನ ಕಿರೀಟವೂ ಅಲ್ಲಿಗೇ ಹೋಗಿದೆ. ಎರಡೂ ಒಂದೇ ಭಕ್ತಿ ಎಂದು ಒಪ್ಪಲು ನನ್ನ ಮನಸ್ಸು ಬರುವುದಿಲ್ಲ.

ಮುಂದಿನದು ಪತ್ರಿಕೆ ಓದುವವರಿಗೆಲ್ಲ ಗೊತ್ತು. 2015ರ ಜನವರಿಯಲ್ಲಿ ಜನಾರ್ದನ ರೆಡ್ಡಿಯವರಿಗೆ ಜಾಮೀನು, ಬಳ್ಳಾರಿಗೆ ಕಾಲಿಡಬಾರದೆಂಬ ಷರತ್ತಿನ ಮೇಲೆ. 2016ರ ನವೆಂಬರ್ 16ರಂದು, ನೋಟು ರದ್ದಾದ ಎಂಟೇ ದಿನಕ್ಕೆ, ಬೆಂಗಳೂರಿನ ಅರಮನೆ ಮೈದಾನದಲ್ಲಿ ಮಗಳ ಮದುವೆ. ವಿಜಯನಗರದ ಸೆಟ್, ತಿರುಪತಿಯಿಂದ ಬಂದ ಅರ್ಚಕರು. ಊರೆಲ್ಲ ಎಟಿಎಂ ಮುಂದೆ ಸಾಲು ನಿಂತಿತ್ತು. ಹೊಸ ಪಕ್ಷ ಕಟ್ಟಿ 2023ರಲ್ಲಿ ಗಂಗಾವತಿಯಿಂದ ಗೆದ್ದರು. ಕ್ಷೇತ್ರದ ಅಂಜನಾದ್ರಿ ಬೆಟ್ಟದ ಹನುಮನ ಹೆಸರು ಆ ಚುನಾವಣೆಯಲ್ಲೂ ಬಂತು. 2024ರಲ್ಲಿ ಮತ್ತೆ ಬಿಜೆಪಿ ಸೇರಿದರು. 2025ರ ಮೇ 6ರಂದು ಹೈದರಾಬಾದಿನ ಸಿಬಿಐ ವಿಶೇಷ ನ್ಯಾಯಾಲಯ ಓಬಳಾಪುರಂ ಪ್ರಕರಣದಲ್ಲಿ ಅವರಿಗೂ ಆಂಧ್ರದ ಗಣಿ ಇಲಾಖೆಯ ಮಾಜಿ ನಿರ್ದೇಶಕರು ಸೇರಿ ಇತರರಿಗೂ ಏಳು ವರ್ಷ ಶಿಕ್ಷೆ ವಿಧಿಸಿತು. ಆ ಪ್ರಕರಣದಲ್ಲಿ ಸಿಬಿಐ ಹೇಳಿದ ನಷ್ಟ 884 ಕೋಟಿ. ಅವರು ಮೇಲ್ಮನವಿ ಹೋದರು. ಜೂನ್‌ನಲ್ಲಿ ತೆಲಂಗಾಣ ಹೈಕೋರ್ಟು ಶಿಕ್ಷೆಯನ್ನು ಅಮಾನತಿನಲ್ಲಿಟ್ಟಿತು.

ಮೇಲ್ಮನವಿಯ ತೀರ್ಪು ಏನೇ ಬರಲಿ, ದೇವಸ್ಥಾನಗಳು ಮಾಡಬಹುದಾದ ಒಂದು ಕೆಲಸಕ್ಕೆ ಯಾವ ಕೋರ್ಟಿನ ಅಪ್ಪಣೆಯೂ ಬೇಕಿಲ್ಲ. ಬ್ಯಾಂಕಿನಲ್ಲಿ ದೊಡ್ಡ ಮೊತ್ತದ ನಗದು ಕಟ್ಟಲು ನಮ್ಮಿಂದ ಪ್ಯಾನ್ ನಂಬರು ಕೇಳುತ್ತಾರೆ. ಕೋಟಿ ಬೆಲೆಯ ಕಾಣಿಕೆ ಬಂದಾಗ, ಇದು ಯಾವ ವರ್ಷದ ಯಾವ ಆದಾಯದ್ದು ಎಂದು ತಿರುಮಲ ತಿರುಪತಿ ದೇವಸ್ಥಾನಂ ಆಗಲಿ, ನಮ್ಮ ಮುಜರಾಯಿ ಇಲಾಖೆಯಾಗಲಿ ಕೇಳಬೇಕು. ಉತ್ತರವನ್ನು ಕೃಷ್ಣದೇವರಾಯ ಮಾಡಿದಂತೆ ಎಲ್ಲರೂ ಓದುವಲ್ಲಿ ಬರೆದು ಹಾಕಬೇಕು. ಉತ್ತರ ಇಲ್ಲದ ಕಾಣಿಕೆಯನ್ನು ಲಕ್ಕಮ್ಮ ಮಾಡಿದಂತೆ ಬಂದ ದಾರಿಯಲ್ಲೇ ವಾಪಸು ಕಳಿಸಬೇಕು. ಹಾಗೆಯೇ, ಗಣಿಯಿಂದ ಕೆಟ್ಟ ಬಳ್ಳಾರಿ, ವಿಜಯನಗರ, ಚಿತ್ರದುರ್ಗ, ತುಮಕೂರು ಜಿಲ್ಲೆಗಳ ಪುನಶ್ಚೇತನಕ್ಕೆಂದು ಸುಪ್ರೀಂ ಕೋರ್ಟಿನ ಆದೇಶದಂತೆ ಕೂಡಿಟ್ಟ ಸಾವಿರಾರು ಕೋಟಿ ಹಣ ಇದೆ. ಅದು ನಿಮ್ಮ ಊರಿಗೆ ಎಷ್ಟು ಬಂತು, ಯಾವುದಕ್ಕೆ ಖರ್ಚಾಯಿತು ಎಂದು ಆ ಜಿಲ್ಲೆಗಳ ಓದುಗರು ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ.