ಬೀದರಿನ ಅಂಕಮ್ಮನ ಮಗ

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ತಾಲ್ಲೂಕುಗಳ ಅನೇಕ ಊರುಗಳಲ್ಲಿ ವೀರಗಲ್ಲುಗಳಿವೆ. ಶಾಸನವುಳ್ಳ ಕಲ್ಲುಗಳಲ್ಲಿ ಕೆಲವು ಮಡಿದವನು ಯಾರ ಮಗ, ಅವನ ಮನೆಯವರಿಗೆ ನೆತ್ತರುಗೊಡಗೆಯಾಗಿ ಬಿಟ್ಟ ಭೂಮಿ ಯಾವುದು ಎಂಬುದನ್ನೂ ಹೇಳುತ್ತವೆ. ಬಿ.ಎಲ್. ರೈಸ್ 1902ರಲ್ಲಿ ಹಾಸನ ಜಿಲ್ಲೆಯ ಶಾಸನಗಳನ್ನು ಒಂದು ಸಂಪುಟವಾಗಿ ಪ್ರಕಟಿಸಿದರು. ಸರ್ಕಾರಿ ಸೇವೆಯಲ್ಲಿ ಜಮೀನಿನ ಕಡತಗಳನ್ನೇ ನೋಡಿದ ನನಗೆ ಸತ್ತವನ ಶೌರ್ಯಕ್ಕಿಂತ ಉಳಿದವರ ಅನ್ನದ ಬಗ್ಗೆ ಅಂದಿನವರಿಗಿದ್ದ ಈ ಕಾಳಜಿಯೇ ದೊಡ್ಡದಾಗಿ ಕಾಣುತ್ತದೆ.

ಇಂಥ ಕಲ್ಲಿನ ಭಾಗ್ಯವಿಲ್ಲದ ಕನ್ನಡನಾಡಿನ ವೀರನೊಬ್ಬನಿದ್ದಾನೆ: ಭಾಯಿ ಸಾಹಿಬ್ ಸಿಂಗ್.

1699ರ ವೈಶಾಖಿಯಂದು ಆನಂದಪುರದಲ್ಲಿ ಗುರು ಗೋವಿಂದ ಸಿಂಗರು ಖಡ್ಗ ಹಿರಿದು, ತಲೆ ಕೊಡುವವರು ಯಾರೆಂದು ಕೇಳಿದರು. ಒಬ್ಬೊಬ್ಬರಾಗಿ ಐವರು ಎದ್ದರು. ಲಾಹೋರಿನ ಖತ್ರಿ, ಹಸ್ತಿನಾಪುರದ ಜಾಟ, ಪುರಿಯ ನೀರು ಹೊರುವವ, ದ್ವಾರಕೆಯ ಬಟ್ಟೆಗೆ ಅಚ್ಚು ಹಾಕುವವ. ಐದನೆಯವನು ಬೀದರಿನ ಕ್ಷೌರಿಕ ಸಾಹಿಬ್ ಚಂದ್. ಇವರೇ ಪಂಜ್ ಪ್ಯಾರೇ. ಐವರಿಗೂ ದೀಕ್ಷೆಯಿತ್ತ ಗುರು, ಬಳಿಕ ಅವರಿಂದಲೇ ತಾವು ದೀಕ್ಷೆ ಪಡೆದರು. ಕ್ಷೌರಿಕನ ಕೈಯಿಂದ ಗುರುವಿಗೆ ದೀಕ್ಷೆ! ಬಸವಣ್ಣನವರ ಕಲ್ಯಾಣವೂ ಬೀದರ್ ಜಿಲ್ಲೆಯಲ್ಲೇ ಇದೆ. ಅಲ್ಲಿನ ಶರಣರಲ್ಲಿ ಹಡಪದ ಅಪ್ಪಣ್ಣನೂ ಒಬ್ಬ. ಒಂದರಿಂದ ಇನ್ನೊಂದು ಹುಟ್ಟಿತೆಂದು ನಾನು ವಾದಿಸಲಾರೆ. ಆದರೂ ಕನ್ನಡಿಗನಿಗೆ ಈ ನೆನಪು ಬಾರದಿರದು.

ಸಾಹಿಬ್ ಚಂದ್ ಹುಟ್ಟುವ ಕೆಲವೇ ವರ್ಷಗಳ ಮುನ್ನ, 1657ರಲ್ಲಿ, ಔರಂಗಜೇಬ್ ಬೀದರಿನ ಕೋಟೆಯನ್ನು ಗೆದ್ದಿದ್ದ. ಸಿಖ್ ಪರಂಪರೆ ಹೇಳುವಂತೆ ತಂದೆ ಗುರುನಾರಾಯಣ, ತಾಯಿ ಅಂಕಮ್ಮ. ಈ ಹೆಸರನ್ನು ಮೊದಲ ಬಾರಿ ಓದಿದಾಗ ನಾನು ತಡೆದು ನಿಂತೆ. ನಮ್ಮ ಕಡೆ ಮನೆಮನೆಗೂ ಅಂಕೇಗೌಡರು. ಹೊಳೆನರಸೀಪುರ ತಾಲ್ಲೂಕಿನಲ್ಲಿ ಅಂಕನಾಥಪುರವೆಂಬ ಊರೇ ಇದೆ. ಪಂಜಾಬಿನ ಇತಿಹಾಸದ ನಡುವೆ ನೆರೆಮನೆಯ ಅಜ್ಜಿಯೊಬ್ಬಳು ಕಂಡಂತಾಯಿತು. ಅವಳ ಮಗ ಸುಮಾರು 1500 ಕಿಲೋಮೀಟರ್ ದೂರದ ಆನಂದಪುರ ಸೇರಿ, ಬಂದೂಕಿನ ಗುರಿಕಾರನೆಂದು ಹೆಸರು ಮಾಡಿದ. 1704ರ ಡಿಸೆಂಬರಿನಲ್ಲಿ ಚಮಕೌರಿನ ಮಣ್ಣಿನ ಗಢಿಯಲ್ಲಿ ಸುಮಾರು ನಲವತ್ತು ಮಂದಿ ಸಿಖ್ಖರು ಭಾರಿ ಸೇನೆಯನ್ನು ಎದುರಿಸಿದಾಗ, ಗುರುವಿನ ಇಬ್ಬರು ಹಿರಿಯ ಮಕ್ಕಳೊಂದಿಗೆ ಅವನೂ ಮಡಿದ.

ಸಿಖ್ಖರ ನಿತ್ಯದ ಅರ್ದಾಸ್ ಪ್ರಾರ್ಥನೆಯಲ್ಲಿ ಪಂಜ್ ಪ್ಯಾರೇ ಸ್ಮರಣೆ ಇದೆ. ಕೆನಡಾದಲ್ಲಿರಲಿ, ಇಂಗ್ಲೆಂಡಿನಲ್ಲಿರಲಿ, ಅದು ತಪ್ಪುವುದಿಲ್ಲ. ಬೀದರಿನ ನಾನಕ್ ಝೀರಾಕ್ಕೆ ಯಾತ್ರಿಕರು ದೇಶದ ಮೂಲೆಮೂಲೆಯಿಂದ ಬರುತ್ತಾರೆ. ನಾವು, ಹಳೆ ಮೈಸೂರಿನವರು, ಬೀದರೆಂದರೆ ಕೋಟೆ, ಮದರಸಾ, ಬಿದರಿ ಹೂಜಿ ಎಂದು ಅಲ್ಲಿಗೇ ನಿಲ್ಲುತ್ತೇವೆ.

ನೆತ್ತರುಗೊಡಗೆ ಕೊಡುವ ಕಾಲ ಮುಗಿದುಹೋಯಿತು. ಬೀದರಿನಲ್ಲಿ ಕನ್ನಡದ ಒಂದು ಕಲ್ಲನ್ನಾದರೂ ನಿಲ್ಲಿಸಬಹುದು. ಅದರಲ್ಲಿ ಸಾಹಿಬ್ ಸಿಂಗನ ಹೆಸರಿನ ಕೆಳಗೆ, ಹಳೆಯ ಪದ್ಧತಿಯಂತೆ, ಗುರುನಾರಾಯಣ ಮತ್ತು ಅಂಕಮ್ಮನ ಮಗ ಎಂದು ಕೆತ್ತಿಸಬೇಕು.