ಮೊಬೈಲ್ ಶೋಧಕ್ಕೂ ವಾರಂಟ್ ಬೇಕೆ?

ಬೆಂಗಳೂರು: ಪೊಲೀಸರು ಕೇಳಿದಾಕ್ಷಣ ಮೊಬೈಲ್ ಫೋನ್ ತೆರೆದು ತೋರಿಸಬೇಕೆ? ಕರ್ನಾಟಕ ಹೈಕೋರ್ಟ್ 2021ರ ಮಾರ್ಚ್‌ನಲ್ಲಿ ನೀಡಿದ ತೀರ್ಪಿನಂತೆ, ಮಾಲೀಕ ಒಪ್ಪದಿದ್ದರೆ ತನಿಖಾಧಿಕಾರಿ ನ್ಯಾಯಾಲಯದಿಂದ ಶೋಧನಾ ವಾರಂಟ್ ಪಡೆಯಬೇಕು. ತುರ್ತು ಸಂದರ್ಭಕ್ಕಷ್ಟೇ ವಿನಾಯಿತಿ. ಆಗಲೂ ಕಾರಣವನ್ನು ಲಿಖಿತವಾಗಿ ದಾಖಲಿಸಲೇಬೇಕು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 185ನೇ ಕಲಂ ಇನ್ನೂ ಬಿಗಿ: ವಾರಂಟ್ ಇಲ್ಲದ ಶೋಧದ ಧ್ವನಿ-ದೃಶ್ಯ ಮುದ್ರಣ ಕಡ್ಡಾಯ, ದಾಖಲೆಯ ಪ್ರತಿಯನ್ನು 48 ಗಂಟೆಯೊಳಗೆ ಮ್ಯಾಜಿಸ್ಟ್ರೇಟರಿಗೆ ಕಳುಹಿಸಬೇಕು.

ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟ್ 2017ರಲ್ಲಿ ಸಾರಿದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಅರ್ಜಿಯ ಮೇಲೆಯೇ. ಆದರೆ ತೊಡಕಿರುವುದು ಬೇರೆಡೆ. ಅಕ್ರಮ ಶೋಧದಲ್ಲಿ ದೊರೆತದ್ದು ಎಂಬ ಒಂದೇ ಕಾರಣಕ್ಕೆ ಪ್ರಸ್ತುತ ಸಾಕ್ಷ್ಯವನ್ನು ತಳ್ಳಿಹಾಕುವಂತಿಲ್ಲ ಎಂದು ಅದೇ ಸುಪ್ರೀಂ ಕೋರ್ಟ್ 1973ರಲ್ಲಿ ಹೇಳಿತ್ತು. ನಿಯಮ ಮುರಿದ ಅಧಿಕಾರಿಗೆ ಈ ತೀರ್ಪೇ ಆಸರೆ.